ಸಹಿ ಹಾಕೋ ಮುಂಚೆ ಇನ್ನೊಂದ್ಸಲ ಓದವ್ವ

ಮಗಳು ಐದನೇ ಕ್ಲಾಸು, ನಮ್ಮೂರ ಸರ್ಕಾರಿ ಶಾಲೇಲೇ ಓದೋದು. ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟ್ಲಿ ಸಂಜೆ ಹಂಗಂಗೇ ತುಂಬಿಕೊಂಡು ವಾಪಸ್ ಬರೋದು. ಮೊದಮೊದ್ಲು ಆಟದ ಗ್ಯಾನದಲ್ಲಿ ಮರ್ತಿರ್ತಾಳೆ ಅಂತ ಬೈತಿದ್ದೆ. ಆಮೇಲೆ ಜೂನ್ ಕೊನೇಲಿ ಜ್ವರ ಬಂತು, ಉರಿ ಉರಿ ಅಂತ ಅಳ್ತಾಳೆ, ಡಾಕ್ಟ್ರಿಗೆ ತೋರಿಸಿದ್ರೆ ಅವ್ರು ಕೇಳಿದ ಮೊದಲ್ನೇ ಪ್ರಶ್ನೆನೇ ದಿನಕ್ಕೆಷ್ಟು ನೀರು ಕುಡೀತೀಯ ಪುಟ್ಟಿ ಅಂತ. ಅವ್ಳು ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ್ಳು, ಸ್ಕೂಲಲ್ಲಿ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲಮ್ಮ, ನಲ್ಲೀಲಿ ನೀರೂ ಬರಲ್ಲ, ಅದ್ಕೇ ನಾವ್ಯಾರೂ ನೀರು ಕುಡಿಯಲ್ಲ ಅಂತ. ನಾವ್ಯಾರೂ ಅಂದ್ಳು. ಅಂದ್ರೆ ಹೆಣ್ಣುಮಕ್ಕಳೆಲ್ಲ ಮಾತಾಡ್ಕೊಂಡು ಬಾಯಾರಿಕೆ ತಡ್ಕೊಂಡು ಕೂತಿದಾವೆ. ಆವತ್ತು ಬಸ್ಸಲ್ಲಿ ಊರಿಗೆ ವಾಪಸ್ ಬರೋವರ್ಗೂ ನಾನು ಅವ್ಳ ಕೈ ಬಿಡ್ಲಿಲ್ಲ.

ನಮ್ದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕು, ಊರಿನ ಹೆಸರು ಬೇಡ. ನಾನು ಮನೇಲಿ ಬಟ್ಟೆ ಹೊಲೀತೀನಿ, ಎರಡು ಹಸು ಇದಾವೆ, ನಮ್ಮನೆಯವ್ರು ವಸಂತನರಸಾಪುರದಲ್ಲಿ ಫ್ಯಾಕ್ಟ್ರಿ ಕೆಲಸಕ್ಕೆ ಹೋಗ್ತಾರೆ. ಇಷ್ಟು ಯಾಕೆ ಹೇಳ್ತಿದೀನಿ ಅಂದ್ರೆ ನಾನು ಆ ಶಾಲೆ ನೋಡ್ಕೊಳ್ಳೋ ಪೋಷಕರ ಕಮಿಟಿ, ಅಂದ್ರೆ ಎಸ್‌ಡಿಎಂಸಿ ಸದಸ್ಯೆ. ಎರಡು ವರ್ಷದ ಹಿಂದೆ ಕಮಿಟೀಲಿ ಹೆಣ್ಣುಮಕ್ಕಳು ಇಷ್ಟು ಜನ ಇರ್ಲೇಬೇಕು ಅಂತ ನನ್ನ ಹೆಸರು ಬರ್ಕೊಂಡು ಹೋಗಿದ್ರು. ಆಮೇಲೆ ಒಂದೇ ಒಂದು ಮೀಟಿಂಗಿಗೂ ಕರೀಲಿಲ್ಲ. ಎರಡು ಮೂರು ತಿಂಗಳಿಗೊಂದ್ಸಲ ಒಬ್ಬ ಹುಡುಗ ಮೀಟಿಂಗಿನ ತೀರ್ಮಾನ ಬರೆಯೋ ನಡಾವಳಿ ಪುಸ್ತಕ ಕಂಕುಳಲ್ಲಿ ಇಟ್ಕೊಂಡು ಮನೆ ಬಾಗಿಲಿಗೆ ಬರೋನು, ಅಕ್ಕ ಇಲ್ಲೊಂದು ಸೈನು ಅನ್ನೋನು, ನಾನು ಮೆಷಿನ್ ಮೇಲಿಂದ ಎದ್ದು ಪೆನ್ ಇಸ್ಕೊಂಡು ಅವ್ನು ಬೆರಳಿಟ್ಟ ಕಡೆ ಸೈನ್ ಹಾಕಿ ಕಳ್ಸೋಳು. ಬಿಎ ಓದಿದೀನಿ ನಾನು. ಒಂದ್ಸಲನೂ ಮೇಲೆ ಏನು ಬರ್ದಿದೆ ಅಂತ ಓದ್ಲಿಲ್ಲ.

ಈ ಸಲ ವರ್ಗಾವಣೆ ಮೇಲೆ ಹೊಸ ಮುಖ್ಯ ಶಿಕ್ಷಕಿ, ಎಚ್‌ಎಂ ಮೇಡಂ ಬಂದಿದ್ರು. ಮಗಳ ವಿಷಯ ಹೇಳೋಕೆ ಹೋದಾಗ ಮೇಡಂ ಸುಮ್ನೆ ಬೀರು ತೆಗ್ದು ಆ ಪುಸ್ತಕ ನನ್ನ ಮುಂದೆ ಇಟ್ರು, ನೀವೂ ಸದಸ್ಯರಲ್ವ ನೋಡಿ ಅಂದ್ರು. ಹೋದ ವರ್ಷದ ಪುಟದಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು, ಚಿಲಕ, ಪೈಪ್‌ಲೈನ್ ದುರಸ್ತಿ ಮಾಡಿಸಿದ್ದು ಸರಿ ಇದೆ, ಬಿಲ್ ಪಾವತಿಗೆ ಎಲ್ಲರ ಒಪ್ಪಿಗೆ ಇದೆ ಅಂತ ಬರೆದಿತ್ತು. ಕೆಳಗೆ ನಾಕನೇ ಸಹಿ ನಂದು. ನನ್ನ ಹೆಸರಿನ ಕೊನೇ ಅಕ್ಷರಕ್ಕೆ ನಾನು ಉದ್ದಕ್ಕೆ ಗೆರೆ ಎಳೀತೀನಿ, ಆ ಗೆರೆ ನೋಡಿ ಹೊಟ್ಟೇಲಿ ಏನೋ ಕಿವುಚಿದಂಗಾಯ್ತು. ನನ್ನ ಮಗಳು ಯಾವ ಬಾಗಿಲಿಗೆ ಹೆದರ್ಕೊಂಡು ನೀರು ಬಿಟ್ಟಿದ್ಳೋ ಆ ಬಾಗಿಲು ಸರಿ ಹೋಗಿದೆ ಅಂತ ನಾನೇ ಬರ್ಕೊಟ್ಟಿದೀನಿ.

ದುಡ್ಡೇನು ಕೋಟಿಗಟ್ಲೆ ಅಲ್ಲ. ನಮ್ಮ ಶಾಲೇಲಿ 64 ಮಕ್ಕಳಿದಾರೆ, ಸಮಗ್ರ ಶಿಕ್ಷಾ ಅನ್ನೋ ಸರ್ಕಾರಿ ಯೋಜನೇಲಿ 31ರಿಂದ 100 ಮಕ್ಕಳಿರೋ ಇಂಥ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಶಾಲಾ ಅನುದಾನ, ಅದ್ರಲ್ಲಿ ಕನಿಷ್ಠ ನೂರಕ್ಕೆ ಹತ್ತು ಸ್ವಚ್ಛತೆಗೇ ಖರ್ಚು ಮಾಡ್ಬೇಕು. ಚಾಕ್‌ಪೀಸು, ಕರೆಂಟು, ಸುಣ್ಣಬಣ್ಣ, ಎಲ್ಲಾ ಅದ್ರಲ್ಲೇ. ಅಷ್ಟು ಚಿಕ್ಕ ದುಡ್ಡಲ್ಲಿ ಒಂದು ಚಿಲಕದ ದುಡ್ಡೂ ದೊಡ್ಡದೇ. ಆ ಖಾತೆ ಎಚ್‌ಎಂ ಮತ್ತೆ ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಹೆಸರಲ್ಲಿರುತ್ತೆ, ಇಬ್ರೂ ಸಹಿ ಹಾಕಿದ್ರೆ ಮಾತ್ರ ದುಡ್ಡು ಹೊರಗೆ ಬರೋದು. ಹಳೇ ಎಚ್‌ಎಂ ವರ್ಗ ಆಗಿ ಹೋಗಿದ್ರು, ಉಳಿದಿದ್ದು ಅಧ್ಯಕ್ಷರು.

ಅಧ್ಯಕ್ಷರನ್ನ ಕೇಳಿದೆ. ಮೊದ್ಲು ಮರ್ಯಾದೆಯಿಂದ್ಲೇ, ಅವ್ರ ಮನೆಗೇ ಹೋಗಿ. ಅಣ್ಣ, ಆ ಟಾಯ್ಲೆಟ್ ಬಿಲ್ ಒಂಚೂರು ತೋರಿಸ್ತೀರಾ ಅಂದೆ. ಅವ್ರು ನಗ್ತಾ ಕಾಫಿ ಕುಡಿ ಬಾರಮ್ಮ, ಇದೆಲ್ಲ ನಿಂಗ್ಯಾಕೆ, ಆಗುತ್ತೆ ಮಾಡ್ಸೋಣ ಅಂದ್ರು. ಮೂರು ಸಲ ಹೋದೆ, ಮೂರು ಸಲನೂ ಕಾಫಿ ಕುಡ್ದು ಬಂದೆ.

ಆಗಸ್ಟ್ 15ಕ್ಕೆ ಇನ್ನೊಂದು ನೋಡಿದ್ವಿ. ನಮ್ಮೂರಲ್ಲಿ ಎಸ್‌ಡಿಎಂಸಿ ಅಧ್ಯಕ್ಷರೇ ಬಾವುಟ ಹಾರಿಸೋದು. ಹಾರಿಸಿದ್ರು, ಮಕ್ಕಳು ಜನಗಣಮನ ಮುಗಿಸಿ ಇನ್ನೂ ಲಾಡು ಹಂಚೋ ಸಾಲಲ್ಲಿ ನಿಂತಿದಾರೆ, ಅಷ್ಟೊತ್ತಿಗೆ ಅಧ್ಯಕ್ಷರು ಗಡಿಯಾರ ನೋಡ್ಕೊಂಡು ಕಾರ್ ಹತ್ತಿ ಹೊರಟೇ ಬಿಟ್ರು. ಯಾಕೆ ಅಂದ್ರೆ ಅವ್ರ ಮಗ ಟೌನಲ್ಲಿರೋ ಕಾನ್ವೆಂಟಲ್ಲಿ ಪರೇಡಲ್ಲಿದಾನೆ, ನೋಡೋಕೆ ಹೋಗ್ಬೇಕು. ಜೂನಲ್ಲೇ ಟಿಸಿ ತಗೊಂಡು ಹೋಗಿದಾನೆ ಹುಡುಗ, ದಿನಾ ಬೆಳಿಗ್ಗೆ ಏಳೂಮುಕ್ಕಾಲಿಗೆ ಹಳದಿ ವ್ಯಾನು ಅರಳಿಕಟ್ಟೆ ಹತ್ರ ಬಂದು ಹಾರ್ನ್ ಹೊಡೆಯೋದು ಊರಿಗೇ ಕೇಳ್ಸುತ್ತೆ. ನಾವೆಲ್ಲ ದಿನಾ ಕೇಳಿಸ್ಕೊಂಡಿದ್ವಿ, ಆದ್ರೆ ಎರಡೂ ಸೇರಿಸಿ ಯಾರೂ ಯೋಚನೆ ಮಾಡಿರ್ಲಿಲ್ಲ. ಮಗನ್ನ ಎಲ್ಲಿ ಬೇಕಾದ್ರೂ ಓದಿಸ್ಲಿ, ಅದು ಅವ್ರಿಷ್ಟ, ಅದಕ್ಕೆ ನಂದು ಏನೂ ತಕರಾರಿಲ್ಲ, ಯಾವ ಅಪ್ಪಂಗೂ ಮಕ್ಕಳು ಚೆನ್ನಾಗಿ ಓದ್ಲಿ ಅಂತ ಇರುತ್ತೆ. ಆದ್ರೆ ತನ್ನ ಮಗುನೇ ಇಲ್ದೇ ಇರೋ ಶಾಲೆಗೆ ಪೋಷಕರ ಅಧ್ಯಕ್ಷ ಹೆಂಗಾಗ್ತಾರೆ?

ಆ ರಾತ್ರಿ ಮೊಬೈಲಲ್ಲಿ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ ತೆಗ್ದು ಓದಿದೆ. 2009ರ ಕಾಯ್ದೆ, 21ನೇ ಸೆಕ್ಷನ್. ಕಮಿಟೀಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ನೂರಕ್ಕೆ ಐವತ್ತು ಹೆಣ್ಣುಮಕ್ಕಳು ಇರ್ಬೇಕು, ಪೋಷಕರು ಅಂದ್ರೆ ಯಾರು, ಆ ಶಾಲೇಲಿ ದಾಖಲಾಗಿರೋ ಮಕ್ಕಳ ತಂದೆ ತಾಯಿ ಇಲ್ಲ ಪಾಲಕರು. ಅಷ್ಟು ಸ್ಪಷ್ಟವಾಗಿ ಬರ್ದಿದೆ. ಶಾಲೆ ಹೆಂಗೆ ನಡೀತಿದೆ ನೋಡೋದು, ಅಭಿವೃದ್ಧಿ ಯೋಜನೆ ಮಾಡೋದು, ಅನುದಾನ ಎಲ್ಲಿ ಖರ್ಚಾಯ್ತು ಅಂತ ನಿಗಾ ಇಡೋದು, ಇವೇ ನಮ್ಮ ಕೆಲಸ. ನಮ್ಮ ರಾಜ್ಯದಲ್ಲಂತೂ ಆರ್‌ಟಿಇ ಬರೋಕೂ ಮುಂಚೆ 2001ರಲ್ಲೇ ಎಸ್‌ಡಿಎಂಸಿ ಶುರುವಾಗಿತ್ತು, ಅದಕ್ಕೆ ದಾರಿ ಮಾಡಿದ ಶಿಕ್ಷಣ ಕಾರ್ಯಪಡೆ ಅಧ್ಯಕ್ಷರು ಅಣುವಿಜ್ಞಾನಿ ರಾಜಾ ರಾಮಣ್ಣ, ನಮ್ಮ ಜಿಲ್ಲೆಯ ತಿಪಟೂರಲ್ಲೇ ಹುಟ್ಟಿದವ್ರು. ಅಂಥವ್ರು ಕೂತು ಯೋಚನೆ ಮಾಡಿ ಶಾಲೇನ ಅಪ್ಪ ಅಮ್ಮಂದಿರ ಕೈಗೆ ಕೊಡಿ ಅಂದಿದ್ರು, ಅದೇ ಜಿಲ್ಲೇಲಿ ನಾವು ಆ ಕೈನ ಸಹಿ ಒತ್ತೋಕಷ್ಟೇ ಇಟ್ಕೊಂಡಿದ್ವಿ.

ಮಾರನೇ ದಿನ ಆಟೋ ಓಡಿಸೋ ನಮ್ಮ ಪಕ್ಕದ ಬೀದಿ ಅಣ್ಣಯ್ಯ, ಬಿಸಿಯೂಟದ ಅಕ್ಕ, ನಾನು ಮೂರು ಜನ ಕೂತು ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಓ ಸಾಹೇಬ್ರಿಗೆ ಒಂದು ಅರ್ಜಿ ಬರೆದ್ವಿ. ಎರಡೇ ವಿಷಯ. ಈಗಿನ ಅಧ್ಯಕ್ಷರ ಮಗು ಈ ಶಾಲೇಲಿ ಇಲ್ಲ, ಆದ್ದರಿಂದ ಅವರನ್ನ ತೆಗೆದು ಪೋಷಕರ ಸಭೆ ಕರೆದು ಆ ಜಾಗಕ್ಕೆ ಬೇರೆಯವ್ರನ್ನ ಆರಿಸಿ. ಹೋದ ವರ್ಷದ ಖರ್ಚಿನ ಲೆಕ್ಕ ಆ ಸಭೇಲೇ ಓದಿ. ಕಳ್ಳ, ಮೋಸ, ತಿಂದಾಕಿದ ಅನ್ನೋ ಮಾತು ಒಂದೂ ಹಾಕ್ಬಾರ್ದು ಅಂತ ನಾನು ಹಠ ಮಾಡಿದೆ, ಅಣ್ಣಯ್ಯಂಗೆ ಅದು ಇಷ್ಟ ಆಗ್ಲಿಲ್ಲ, ಆದ್ರೂ ಒಪ್ಕೊಂಡ್ರು. ಬಿಲ್ ನಾವು ನೋಡಿಲ್ಲ, ನೋಡ್ದೇ ಇರೋದನ್ನ ಬರೆಯೋದು ನಾನು ಓದ್ದೇ ಸಹಿ ಹಾಕಿದ್ದಷ್ಟೇ ತಪ್ಪು. ಇನ್ನೊಂದು ನಿಯಮ ಮಾಡ್ಕೊಂಡ್ವಿ, ಅರ್ಜಿ ಪೂರ್ತಿ ಓದಿ ಹೇಳ್ದೆ ಯಾರ ಹತ್ರನೂ ಸಹಿ ತಗೊಳ್ಳೋ ಹಂಗಿಲ್ಲ.

64 ಮಕ್ಕಳು ಅಂದ್ರೆ 47 ಮನೆ. ಸಂಜೆ ಹಾಲು ಹಾಕಿದ್ಮೇಲೆ ಹೊರಟ್ರೆ ದಿನಕ್ಕೆ ಐದಾರು ಮನೆ ಆಗೋದು, ಪ್ರತಿ ಮನೇಲೂ ಓದ್ಬೇಕಲ್ಲ. ಕೆಲವ್ರು ಓದೋದೇ ಬೇಡ ಕೊಡಕ್ಕ ಹಾಕ್ತೀನಿ ಅಂದ್ರೂ ಓದ್ತಿದ್ದೆ. ಕೆರೆ ಏರಿ ಪಕ್ಕದ ಮನೇಲಿ ಒಬ್ಬ ಅಜ್ಜಿ ಇದಾರೆ, ಮಗಳು ತೀರಿಕೊಂಡು ಮೊಮ್ಮಗನ್ನ ಅವ್ರೇ ಸಾಕ್ತಿರೋದು, ಹುಡುಗ ನಾಕನೇ ಕ್ಲಾಸು. ಓದಿದೆ. ಅಜ್ಜಿ ಹುಣಸೆಹಣ್ಣು ಬಿಡಿಸ್ತಿದ್ದವ್ರು ಕೈ ನಿಲ್ಲಿಸಿ, ಇನ್ನೊಂದ್ಸಲ ಓದವ್ವ ಅಂದ್ರು. ಇನ್ನೊಂದ್ಸಲ ಓದಿದೆ. ಮಗಾ ಇಲ್ದಿರೋನು ಅನ್ನೋ ಕಡೆ ಏನಂತ ಬರ್ದಿದೀಯ ಅದೊಂದು ಮತ್ತೆ ಓದು ಅಂದ್ರು. ಓದಿದೆ. ನಾನು ಪರ್ಸಿಂದ ಸ್ಟ್ಯಾಂಪ್ ಪ್ಯಾಡ್ ತೆಗ್ದೆ, ಹೆಬ್ಬೆಟ್ಟು ಅಂದ್ಕೊಂಡು. ಅಜ್ಜಿ ಅದನ್ನ ಪಕ್ಕಕ್ಕೆ ಸರಿಸಿ, ಸಾಕ್ಷರತೆ ಅಂತ ರಾತ್ರಿ ಲಾಟೀನು ಇಟ್ಕೊಂಡು ಪಾಠ ಮಾಡ್ತಿದ್ರಲ್ಲ ಆವಾಗ ಕಲ್ತಿದೀನಿ ಕಣೆ ಅಂತ ಸೆರಗಿಗೆ ಕೈ ಒರೆಸ್ಕೊಂಡು ಪೆನ್ ಹಿಡ್ಕೊಂಡ್ರು. ಹೆಸರಲ್ಲಿ ಒಂದು ಒತ್ತಕ್ಷರ ಇದೆ, ಅದಕ್ಕೆ ಬಂದು ನಿಂತ್ರು, ಗಾಳೀಲಿ ಒಂದ್ಸಲ ಬರೆದು ನೋಡಿ ಆಮೇಲೆ ಹಾಳೆ ಮೇಲೆ ಬರೆದ್ರು. ಆ ಒಂದು ಸಹಿಗೆ ಐದು ನಿಮಿಷ ಆಗಿರ್ಬೇಕು. ಅರ್ಜೀಲಿರೋ ಸಹಿಗಳಲ್ಲೆಲ್ಲ ಅದೇ ದೊಡ್ಡದು, ಎರಡು ಸಾಲು ಜಾಗ ಹಿಡ್ದಿದೆ.

ಎಲ್ಲಾ ಮನೇನೂ ಹಂಗಿರ್ಲಿಲ್ಲ. ಸಹಿ ಹಾಕಿ ಎರಡು ದಿನ ಆದ್ಮೇಲೆ ರಾತ್ರಿ ಒಂಬತ್ತೂವರೆಗೆ ಒಬ್ಬರು ಬಾಗಿಲು ತಟ್ಟಿದ್ರು. ಟಾರ್ಚ್ ಕೂಡ ಹಾಕ್ದೆ ಕತ್ತಲಲ್ಲಿ ಬಂದಿದ್ರು. ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ, ತಂಗ್ಯಮ್ಮ ನನ್ನ ಹೆಸರು ಹೊಡೆದಾಕ್ಬಿಡು ಅಂದ್ರು. ಅವ್ರದ್ದು ಮುಕ್ಕಾಲು ಎಕರೆ, ಎರಡು ವರ್ಷದ ಅಡಿಕೆ ಸಸಿ ಇಟ್ಟಿದಾರೆ, ಬೋರ್‌ವೆಲ್ ಕೊರೆಸಿದ್ದು ಫೇಲ್ ಆಗಿ ಸಾಲ ಹಂಗೇ ಇದೆ, ಸಸಿಗೆ ನೀರು ಬರೋದು ಅಧ್ಯಕ್ಷರ ಬೋರಿಂದ. ಅವ್ರೇನೂ ಹೆದ್ರಿಸಿಲ್ಲ ಕಣಮ್ಮ, ಪೈಪ್ ತೆಗೀತೀನಿ ಅಂತ ಬಾಯ್ಬಿಟ್ಟು ಅಂದಿಲ್ಲ, ಆದ್ರೆ ನಿನ್ನೆ ಮಾತಾಡಿಸ್ದೆ ಹೋದ್ರು ಅಂದ್ರು. ಮಾತಾಡಿಸ್ದೆ ಹೋದ್ರೆ ಸಾಕು ನಮ್ಮ ಕಡೆ. ನಾನು ಹಾಳೆ ತಂದು ಅವ್ರ ಎದುರಿಗೇ ಅವ್ರ ಹೆಸರು ಹೊಡೆದೆ, ಓದೋಕಾಗ್ದಂಗೆ ಗೀಚಿದೆ. ಅವ್ರು ಕಣ್ಣು ಕೆಳಗೆ ಹಾಕ್ಕೊಂಡು, ನಮ್ಮ ಹುಡುಗೀನೂ ನಿನ್ನ ಮಗಳ ಕ್ಲಾಸೇ ಅಲ್ವ ಅಂದ್ರು. ಹೌದಣ್ಣ ಅಂದೆ. ಬೇರೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಅವ್ರ ಮೇಲೆ ನಂಗೆ ಆವತ್ತೂ ಸಿಟ್ಟಿರ್ಲಿಲ್ಲ ಈವತ್ತೂ ಇಲ್ಲ, ಎರಡು ವರ್ಷದ ಸಸಿ ಒಣಗಿದ್ರೆ ಏನಾಗುತ್ತೆ ಅಂತ ತೋಟ ಮಾಡೋರ ಮನೆಯವಳಿಗೆ ಗೊತ್ತು.

ನನ್ನ ಚಿಕ್ಕಪ್ಪನ ಮಗ ಕ್ಯಾಲಿಫೋರ್ನಿಯಾದಲ್ಲಿದಾನೆ, ಫೋನಲ್ಲಿ ಇದೆಲ್ಲ ಹೇಳ್ದಾಗ ಅಲ್ಲಿ ಇದಕ್ಕೆ ರೀಕಾಲ್ ಅಂತಾರೆ ಅಕ್ಕ, ಆರಿಸಿದವ್ರನ್ನ ಜನಾನೇ ವಾಪಸ್ ಕರೆಸೋದು ಅಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಾಲೆಗಳನ್ನ ನೋಡ್ಕೊಳ್ಳೋಕೆ ಏಳು ಜನರ ಸ್ಕೂಲ್ ಬೋರ್ಡು ಇದೆ, ಜನ ಓಟು ಹಾಕಿ ಆರಿಸೋದು. ಕೊರೋನಾ ಟೈಮಲ್ಲಿ ಮಕ್ಕಳು ತಿಂಗಳುಗಟ್ಲೆ ಮನೇಲಿ ಕೂತಿದ್ರೆ ಬೋರ್ಡಿನವ್ರು 44 ಶಾಲೆಗಳ ಹೆಸರು ಬದಲಾಯಿಸೋ ಚರ್ಚೆ ಮಾಡ್ಕೊಂಡು ಕೂತ್ರು ಅಂತ ಪೋಷಕರಿಗೆ ಸಿಟ್ಟು ಬಂತು, ಒಬ್ಬೊಬ್ಬ ಸದಸ್ಯರ ಮೇಲೆ 50,000ಕ್ಕೂ ಜಾಸ್ತಿ ಸಹಿ ಬೇಕಿತ್ತು, ಸಂತೆ ಬೀದೀಲೆಲ್ಲ ನಿಂತು ಒಟ್ಟು ಮಾಡಿದ್ರು, 2022ರ ಫೆಬ್ರವರಿ 15ಕ್ಕೆ ಓಟಿಂಗ್ ಆಗಿ ಮೂರು ಜನ ಒಂದೇ ದಿನ ಮನೆಗೆ ಹೋದ್ರು. ನನಗೆ ಮನಸ್ಸಿಗೆ ನಾಟಿದ್ದು ಇನ್ನೊಂದು, ಆ ಊರಲ್ಲಿ ಅಮೆರಿಕದ ಪ್ರಜೆ ಅಲ್ದೇ ಇರೋ ಅಪ್ಪ ಅಮ್ಮನೂ ಸ್ಕೂಲ್ ಬೋರ್ಡಿನ ಓಟು ಹಾಕ್ಬೋದಂತೆ, ಮಗು ಇದೆ ಅನ್ನೋದೇ ಹಕ್ಕು. ನಮ್ಮ ಕಡೆ ಗ್ರಾಮ ಪಂಚಾಯ್ತಿ ಮೆಂಬರ್‌ನ ಹಂಗೆ ಜನ ವಾಪಸ್ ಕರೆಸೋಕಾಗಲ್ಲ, ಅಧ್ಯಕ್ಷರ ಮೇಲೆ ಅವಿಶ್ವಾಸ ತರೋದಿದ್ರೂ ಮೆಂಬರ್‌ಗಳೇ ತರ್ಬೇಕು. ಹರಿಯಾಣದಲ್ಲಿ 2020ರಲ್ಲಿ ಸರಪಂಚರನ್ನ, ಅಂದ್ರೆ ಅಲ್ಲಿನ ಗ್ರಾಮ ಪಂಚಾಯ್ತಿ ಅಧ್ಯಕ್ಷರನ್ನ, ಜನ ಇಳಿಸ್ಬೋದು ಅಂತ ಕಾನೂನು ಮಾಡಿದಾರೆ. ಆದ್ರೆ ಐವತ್ತು ಸಾವಿರ ಸಹಿ ತಂದವ್ರಿಗಿಂತ ನಮ್ಮ ನಲವತ್ತೇಳು ಮನೆ ಸುಲಭ ಅಂತ ಅವ್ನು ಅಂದಾಗ ನಾನು ಒಪ್ಲಿಲ್ಲ. ಅಲ್ಲಿ ಸಹಿ ಹಾಕ್ದೋರಿಗೆ ಬೆಳಗಾದ್ರೆ ಆ ಮೆಂಬರ್ ಮುಖ ನೋಡೋದಿರಲ್ಲ. ಇಲ್ಲಿ ಅವ್ರ ಮನೆ ಮದುವೆಗೆ ನಾವೇ ರಾಗಿ ಮುದ್ದೆ ಕಟ್ಟಿರ್ತೀವಿ, ನಮ್ಮನೆ ಸಾವಿಗೆ ಅವ್ರೇ ಹೆಗಲು ಕೊಟ್ಟಿರ್ತಾರೆ. ನಮ್ಮ ಮಾವ ಹೋದಾಗ ಈ ಅಧ್ಯಕ್ಷರೇ ರಾತ್ರಿಯೆಲ್ಲ ನಮ್ಮನೆ ಜಗಲೀಲಿ ಕೂತಿದ್ರು, ಅದನ್ನ ನಾನು ಮರೆತಿಲ್ಲ.

ಊರಲ್ಲಿ ಮಾತು ಬೇಡವಾ, ಬಂತು. ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ಲೋಕೆ ಈಗ್ಲಿಂದ ರೆಡಿ ಆಗ್ತಿದಾಳೆ ಅಂದ್ರು, ಗಂಡ ಹೇಳ್ಕೊಟ್ಟಿರೋದು ಅಂದ್ರು, ಮೇಡಂ ಎತ್ತಿಕಟ್ಟಿದಾರೆ ಅಂದ್ರು. ಅತ್ತೆ ಎರಡು ದಿನ ಮುಖ ಕೊಟ್ಟು ಮಾತಾಡ್ಲಿಲ್ಲ, ಮೂರನೇ ದಿನ ಸಂಜೆ ಹಾಲಿನ ಕ್ಯಾನು ತಾವೇ ಎತ್ಕೊಂಡು, ನೀನು ಉಳಿದ ಮನೆಗಳಿಗೆ ಹೋಗ್ಬಾ ನಾನು ಹಾಕ್ತೀನಿ ಅಂದ್ರು. ಅಧ್ಯಕ್ಷರ ಹೆಂಡ್ತಿ ನಾನು ಎಷ್ಟು ವರ್ಷದಿಂದ ಬೆಳಿಗ್ಗೆ ಡೈರಿಗೆ ಜೊತೇಲಿ ಹೋಗೋರು, ಅವ್ರ ಬ್ಲೌಸೆಲ್ಲ ನಾನೇ ಹೊಲಿಯೋದು. ಅವತ್ತಿಂದ ಅಕ್ಕ ಒಬ್ರೇ ಹತ್ತು ನಿಮಿಷ ಮುಂಚೆ ಹೋಗಿ ಬಂದ್ಬಿಡ್ತಾರೆ. ಇದೊಂದು ನನಗೆ ಈಗ್ಲೂ ಸಂಕಟ.

31 ಸಹಿ ಆಗಿತ್ತು, ಒಂದು ಹೊಡೆದು 30. ಎರಡು ಜೆರಾಕ್ಸ್ ಮಾಡ್ಸಿ ಬಿಇಓ ಆಫೀಸಲ್ಲಿ ಕೊಟ್ಟು ಒಂದರ ಮೇಲೆ ಸೀಲು ಹಾಕಿಸ್ಕೊಂಡು ಬಂದ್ವಿ, ಮೂರು ವಾರ ಆದ್ಮೇಲೆ ಆ ಆಫೀಸಿನ ಒಬ್ಬ ಶಿಕ್ಷಣ ಸಂಯೋಜಕರು ಬಂದು ಸಭೆ ಮಾಡಿದ್ರು.

ಶಾಲೆ ಅಂಗಳದ ಹೊಂಗೆ ಮರದ ಕೆಳಗೆ ಜಮಖಾನ ಹಾಸಿದ್ವಿ. ನಲವತ್ತು ಮನೆಯವ್ರಾದ್ರೂ ಬಂದಿದ್ರು, ಸಹಿ ಹಾಕದಿರೋರೂ ಬಂದಿದ್ರು, ರಾತ್ರಿ ಬಂದು ಹೆಸರು ಹೊಡೆಸಿದ ಅಣ್ಣನೂ ಕಾಂಪೌಂಡ್ ಗೋಡೆಗೆ ಒರಗಿ ನಿಂತಿದ್ರು. ಅಧ್ಯಕ್ಷರು ಎದ್ದು ಮಾತಾಡಿದ್ರು. ನಾನು ಇದೇ ಶಾಲೇಲಿ ನೆಲದ ಮೇಲೆ ಕೂತು ಓದ್ದೋನು, ನೀವು ಒರಗಿರೋ ಈ ಕಾಂಪೌಂಡು ನರೇಗಾದಲ್ಲಿ ಮಾಡ್ಸೋಕೆ ಎಷ್ಟು ಸಲ ಪಂಚಾಯ್ತಿಗೆ ಅಲೆದಿದೀನಿ ನಿಮಗೆ ಗೊತ್ತಾ, ಮಳೇಲಿ ನಿಂತು ಕಟ್ಟಿಸಿದೀನಿ ಅಂದ್ರು. ಅದು ಸುಳ್ಳಲ್ಲ. ಕಾಂಪೌಂಡ್ ಬರೋ ಮುಂಚೆ ದನ ಒಳಗೆ ಬರೋವು, ರಾತ್ರಿ ಕುಡಿದು ಬಾಟ್ಲಿ ಒಡೆದು ಹೋಗೋರು, ಅದೆಲ್ಲ ನಿಂತಿದ್ದು ಅವ್ರಿಂದ್ಲೇ. ಅವ್ರ ಗಂಟಲು ಕಟ್ಟಿತು, ನನ್ನ ಕಣ್ಣಲ್ಲೂ ನೀರು ಬಂತು, ಇಷ್ಟೆಲ್ಲ ಬೇಕಿತ್ತಾ ಅಂತ ಒಂದು ಗಳಿಗೆ ಅನ್ನಿಸ್ತು. ಆಗ ಆಟೋ ಅಣ್ಣಯ್ಯ ಎದ್ದು ತುಂಬಾ ಮೆಲ್ಲಗೆ, ಅಣ್ಣ ನೀವು ಮಾಡಿದ್ದು ಯಾರೂ ಇಲ್ಲ ಅನ್ನಲ್ಲ, ಆದ್ರೆ ಈ ವರ್ಷ ಈ ಶಾಲೆ ಟಾಯ್ಲೆಟ್‌ಗೆ ನಿಮ್ಮ ಮನೆ ಮಗು ಯಾವ್ದೂ ಹೋಗಲ್ವಲ್ಲ ಅಂದ್ರು. ಬಿಸಿಯೂಟದ ಕುಕ್ಕರ್ ವಿಷಲ್ ಬಿಟ್ಟು ಬೇರೇನೂ ಕೇಳಿಸ್ಲಿಲ್ಲ.

ಸಂಯೋಜಕರು ಕಾಯ್ದೆ ಓದಿ ಹೇಳಿದ್ರು, ಮಗು ಶಾಲೇಲಿಲ್ಲದ ಮೇಲೆ ಪೋಷಕ ಸದಸ್ಯತ್ವ ಉಳಿಯಲ್ಲ ಅಂದ್ರು. ಅಧ್ಯಕ್ಷರು ವಾದ ಮಾಡ್ಲಿಲ್ಲ. ಆ ಜಾಗಕ್ಕೆ ಹೊಸ ಸದಸ್ಯರನ್ನ ಪೋಷಕರು ಆರಿಸಿದ್ರು, ಸದಸ್ಯರೆಲ್ಲ ಸೇರಿ ಕೂಲಿ ಮಾಡೋ ಒಬ್ಬ ತಾಯೀನ ಅಧ್ಯಕ್ಷೆ ಮಾಡಿದ್ವಿ, ಅವ್ರ ಮೂರೂ ಮಕ್ಕಳು ಇಲ್ಲೇ ಓದೋದು. ನಿನ್ನ ಹೆಸರು ಹೇಳ್ತೀವಿ ಅಂತ ನಾಕು ಜನ ಅಂದ್ರು, ನಾನು ಬೇಡ ಅಂದೆ, ಆ ಪುಟದಲ್ಲಿ ನನ್ನ ಸಹಿನೂ ಇದೆಯಲ್ಲ. ಅದನ್ನ ಎಲ್ಲರ ಮುಂದೆ ಹೇಳ್ದೆ ಕೂಡ. ಬಿಲ್ ಪೂರ್ತಿ ಇನ್ನೂ ಸಿಕ್ಕಿಲ್ಲ, ಲೆಕ್ಕದ ಪರಿಶೀಲನೆ ಬಿಇಓ ಆಫೀಸಿಗೆ ಹೋಗಿದೆ.

ಸಭೆ ಮುಗಿದ್ರೂ ಕೆಲಸ ಮುಗೀಲಿಲ್ಲ. ಬ್ಯಾಂಕ್ ಖಾತೇಲಿ ಸಹಿ ಬದಲಾಯಿಸೋಕೆ ನಡಾವಳಿ ಪ್ರತಿ, ಹೊಸ ಅಧ್ಯಕ್ಷೆ ಆಧಾರ್, ಪ್ಯಾನ್, ಫೋಟೋ, ಪ್ಯಾನ್ ಅವ್ರ ಹತ್ರ ಇರ್ಲೇ ಇಲ್ಲ, ಮಾಡಿಸ್ಬೇಕಾಯ್ತು, ಒಂದು ದಿನ ಬ್ಯಾಂಕಿಗೆ ಹೋದ್ರೆ ಒಂದು ದಿನದ ಕೂಲಿ ಹೋಯ್ತು. ಒಂದು ತಿಂಗಳ ಮೇಲಾಯ್ತು. ಅಷ್ಟು ದಿನ ಮೊಟ್ಟೆ ದುಡ್ಡು ತೆಗೆಯೋಕಾಗ್ದೆ ಮೇಡಂ ತಮ್ಮ ಕೈಯಿಂದ ಹಾಕಿ ಮಕ್ಕಳಿಗೆ ಮೊಟ್ಟೆ ತಂದ್ರು, ಆಗ ಒಂದಕ್ಕೆ 6 ರೂಪಾಯಿ ಸರ್ಕಾರ ಲೆಕ್ಕ ಹಾಕಿತ್ತು, ಅಂಗಡೀಲಿ ರೇಟು ಏರಿದ್ರೆ ಅದೂ ಕೈಯಿಂದ್ಲೇ. ಚಿಲಕ ಮಾತ್ರ ಕಾಯ್ಲಿಲ್ಲ, ಸಭೆ ಆದ ಮಾರನೇ ದಿನಾನೇ ಆಟೋ ಅಣ್ಣಯ್ಯ ಗುಬ್ಬಿಯಿಂದ ಎರಡು ಚಿಲಕ ತಂದು ತಾವೇ ಸ್ಕ್ರೂ ಹಾಕಿದ್ರು, ನಲ್ಲಿಗೆ ವಾಷರ್ ಬದಲಾಯಿಸಿದ್ರು. ಮಗಳು ಸಂಜೆ ಬಂದು ಬ್ಯಾಗು ಬಿಸಾಕಿ ಅಮ್ಮಾ ಒಳಗಡೆಯಿಂದ ಹಾಕ್ಕೋಬೋದು ಅಂದ್ಳು.

ಹೊಸ ಕಮಿಟಿ ಮೊದಲ್ನೇ ಮೀಟಿಂಗು ಹೋದ ಶನಿವಾರ ಆಯ್ತು. ನಡಾವಳಿ ಮೇಡಂ ಬರೆದ್ರು, ಬರೆದಿದ್ದನ್ನ ನಾನು ಗಟ್ಟಿಯಾಗಿ ಓದ್ದೆ. ಸುಣ್ಣ ಬಣ್ಣಕ್ಕೆ ಅಂತ ಬರೆದಿದ್ದ ಮೊತ್ತ ಜಾಸ್ತಿ ಆಯ್ತು ಅಂತ ಅಜ್ಜಿ ತಕರಾರು ತೆಗೆದ್ರು, ಅವ್ರೇನು ಸದಸ್ಯೆ ಅಲ್ಲ, ಮೊಮ್ಮಗನ್ನ ಕರ್ಕೊಂಡು ಹೋಗೋಕೆ ಬಂದು ಬಾಗಿಲಲ್ಲಿ ಕೂತಿದ್ದವ್ರು, ಆದ್ರೂ ಮಾತು ಸರಿ ಇತ್ತು. ಮೇಡಂ ಆ ಸಾಲು ಹೊಡೆದು ಹೊಸದಾಗಿ ಬರೆದ್ರು, ಮತ್ತೆ ಮೊದಲಿಂದ ಓದ್ಬೇಕಾಯ್ತು. ಎಲ್ಲರ ಸಹಿ ಮುಗಿಯೋ ಹೊತ್ತಿಗೆ ಆರೂಮುಕ್ಕಾಲು, ಓಡ್ಕೊಂಡು ಹೋದ್ರೂ ಡೈರಿ ಬಾಗಿಲು ಹಾಕಿತ್ತು. ಆವತ್ತಿನ ಹಾಲಷ್ಟನ್ನೂ ಅತ್ತೆ ಮನೇಲೇ ಕಾಯಿಸಿ ಹೆಪ್ಪು ಹಾಕಿದ್ರು.